ಹೆಂಚಿನ ಮೇಲೆ ಮೊಟ್ಟೆ, ಕಾವಲಿಗೆ ಅಪ್ಪ ಅಮ್ಮ

ಮಕ್ಕಳೇ, ಮೀನು ಮೊಟ್ಟೆ ಇಡುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಇಟ್ಟ ಮೇಲೆ ಅದು ಏನು ಮಾಡುತ್ತದೆ? ಹೆಚ್ಚಿನ ಮೀನುಗಳು ಏನೂ ಮಾಡುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಕಾಟ್ಲಾ, ರೋಹು ಇವೆಯಲ್ಲ, ಅವು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ತಮ್ಮ ದಾರಿ ಹಿಡಿಯುತ್ತವೆ. ಬದುಕಿದರೆ ಮರಿಗಳ ಅದೃಷ್ಟ.

ಹಾಗಲ್ಲದ ಒಂದು ಮೀನಿನ ಕುಟುಂಬವಿದೆ. ಅದರ ಹೆಸರು ಸಿಕ್ಲಿಡ್. ಈ ಕುಟುಂಬದಲ್ಲಿ 1,600ಕ್ಕೂ ಹೆಚ್ಚು ಜಾತಿಗಳಿವೆ. ಮೊಟ್ಟೆಗೆ ಕಾವಲು ಕೂರುವುದು, ಮರಿಗಳನ್ನು ಹಿಂದೆ ಕಟ್ಟಿಕೊಂಡು ತಿರುಗುವುದು, ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ಹಿಡಿದು ತಂದು ಗುಂಪಿಗೆ ಸೇರಿಸುವುದು ಇವುಗಳ ರೂಢಿ. ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಇದೇ ಕುಟುಂಬದ್ದು. ಅದರ ತಾಯಿ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿಗಳು ಹೊರಗೆ ಬಂದ ಮೇಲೂ, ಹೆದರಿಕೆಯಾದರೆ ಓಡಿ ಬಂದು ಮತ್ತೆ ಅಮ್ಮನ ಬಾಯೊಳಗೆ ಸೇರಿಕೊಳ್ಳುತ್ತವೆ.

ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಒಂದು, ಕೇರಳದವರು ಕರಿಮೀನ್ ಎಂದು ಕರೆಯುವ ಮೀನು. ಇನ್ನೊಂದು, ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಸಿಗುವ ಪುಟ್ಟ ಕಿತ್ತಳೆ ಬಣ್ಣದ ಕ್ರೋಮೈಡ್. ಅದರ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೇ ಮೆಲ್ಲುತ್ತ ಬೆಳೆಯುತ್ತವೆ. ಮೂರನೆಯದು ನಮ್ಮದೇ ನಾಡಿನದು. ದಕ್ಷಿಣ ಕನ್ನಡದ ನದಿಗಳಲ್ಲಿ ಬದುಕುವ ಆ ಮೀನಿಗೆ ಫ್ರಾನ್ಸಿಸ್ ಡೇ ಎಂಬ ಮೀನುತಜ್ಞರು 1877ರಲ್ಲಿ ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂದು ಹೆಸರಿಟ್ಟರು. ಕೆನರಾ ಜಿಲ್ಲೆಯ ಹೆಸರನ್ನೇ ಹೊತ್ತ ಮೀನು ಅದು. ಈಗ ಅಪರೂಪವಾಗಿದೆ. ಅದನ್ನು ಹೊಳೆಯಲ್ಲೇ ಬಿಟ್ಟು ನೋಡೋಣ.

ಮನೆಯ ಅಕ್ವೇರಿಯಂನಲ್ಲಿ ಸಾಕಲು ಸುಲಭವಾಗಿ ಸಿಗುವ ಸಿಕ್ಲಿಡ್ ಎಂದರೆ ಏಂಜೆಲ್ ಮೀನು. ತ್ರಿಕೋನದ ಗಾಳಿಪಟದಂತೆ ಕಾಣುವ, ನಿಧಾನವಾಗಿ ತೇಲುವ ಇದನ್ನು ಅಂಗಡಿಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ. ಶಾಸ್ತ್ರೀಯ ಹೆಸರು ಟೆರೋಫಿಲ್ಲಮ್. ಗ್ರೀಕ್ ಭಾಷೆಯಲ್ಲಿ ‘ರೆಕ್ಕೆಯುಳ್ಳ ಎಲೆ’ ಎಂದರ್ಥ.

“ನಮ್ಮ ಏಂಜೆಲ್ ಮೊಟ್ಟೆ ಇಡುವ ಹಾಗೆ ಮಾಡುವುದು ಹೇಗೆ?” ಎಂದು ಕೇಳುವ ಮಕ್ಕಳು ಬಹಳ. ನಿಜ ಹೇಳಬೇಕೆಂದರೆ ಮೀನಿನಿಂದ ಬಲವಂತವಾಗಿ ಮೊಟ್ಟೆ ಇಡಿಸಲಾಗದು. ಮನೆ ಅಣಿಮಾಡಿಕೊಟ್ಟು ಕಾಯಬಹುದು, ಅಷ್ಟೇ. ಈ ಕಾಯುವ ಕೆಲಸಕ್ಕೆ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಜೊತೆಗಿದ್ದರೆ ಒಳ್ಳೆಯದು. ಕಾಯುವುದರಲ್ಲಿ ಅವರಿಗೆ ನಮಗಿಂತ ಹೆಚ್ಚು ಅಭ್ಯಾಸವಿದೆ.

ಮೊದಲು ಮರಿಗಳಿಗೆ ಮನೆ

ಹೆಂಚು ಹುಡುಕುವ ಮೊದಲು, ಹೀಟರ್ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. ಬೆಳೆದ ಏಂಜೆಲ್ ಜೋಡಿ ಒಂದು ಸಲಕ್ಕೆ 200, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಅದರಲ್ಲಿ 50 ಮರಿ ಉಳಿದವು ಎನ್ನಿ. ಮೂರು ಅಡಿಯ ತೊಟ್ಟಿಯಲ್ಲಿ ಬೆಳೆದ ಏಂಜೆಲ್‌ಗಳು ನೆಮ್ಮದಿಯಾಗಿ ಇರಬಹುದಾದದ್ದು ಐದಾರು ಮಾತ್ರ. ಉಳಿದ ನಲವತ್ತನಾಲ್ಕು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ. ಹತ್ತಿರದ ಮೀನಿನ ಅಂಗಡಿಯವರನ್ನು ಕೇಳಿ. ನಾಣ್ಯದಷ್ಟು ಬೆಳೆದ ಮರಿಗಳನ್ನು ಕೆಲವರು ತೆಗೆದುಕೊಳ್ಳುತ್ತಾರೆ, ಬದಲಿಗೆ ಮೀನಿನ ಆಹಾರ ಕೊಡುವವರೂ ಇದ್ದಾರೆ. ಅಕ್ವೇರಿಯಂ ಇರುವ ಗೆಳೆಯರ, ನೆಂಟರ ಪಟ್ಟಿ ಮಾಡಿ. ಯಾರೂ ಸಿಗದಿದ್ದರೆ ಈ ವರ್ಷ ಮರಿ ಮಾಡಿಸುವುದು ಬೇಡ. ಏಂಜೆಲ್‌ಗಳನ್ನು ಸುಮ್ಮನೆ ಸಾಕುವುದರಲ್ಲೂ ಸುಖವಿದೆ.

ಒಂದು ದಾರಿಯನ್ನು ಮಾತ್ರ ಎಂದೂ ಹಿಡಿಯಬೇಡಿ. ಹೆಚ್ಚಾದ ಮರಿಗಳನ್ನು ಕೆರೆಗೋ ಹೊಳೆಗೋ ಬಾವಿಗೋ ಬಿಡುವುದು ಪುಣ್ಯದ ಕೆಲಸ ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. ಆಫ್ರಿಕಾದ ಮೊಜಾಂಬಿಕ್ ತಿಲಾಪಿಯಾವನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು ಜನರಿಗೆ ಆಹಾರವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಅದು ಬಿಟ್ಟ ಕೆರೆಯಲ್ಲಿ ನಿಲ್ಲಲಿಲ್ಲ. ಕೆರೆಯಿಂದ ಕೆರೆಗೆ, ಕಾಲುವೆಯಿಂದ ನದಿಗೆ ಹರಡಿತು. ಊರ ಮೀನುಗಳ ತಾವನ್ನೂ ಮೇವನ್ನೂ ಹಂಚಿಕೊಂಡಿತು. ಈಗ ಅದನ್ನು ವಾಪಸು ಹಿಡಿಯಲು ಯಾರಿಂದಲೂ ಆಗದು. ತೊಟ್ಟಿಯ ಮೀನು ಹೊರಗೆ ಹೋದರೆ ರೋಗವನ್ನೂ ಜೊತೆಗೆ ಒಯ್ಯಬಹುದು. ಕೆನರಾದ ಆ ಅಪರೂಪದ ಮೀನು ಇರುವ ಹೊಳೆಗಳೂ ನಮ್ಮ ನಾಡಿನವೇ ಎಂಬುದು ನೆನಪಿರಲಿ.

ಆರು ಮರಿಗಳ ಲೆಕ್ಕ

ಅಂಗಡಿಗೆ ಹೋಗಿ “ಒಂದು ಗಂಡು, ಒಂದು ಹೆಣ್ಣು ಕೊಡಿ” ಎಂದರೆ ಆಗುವುದಿಲ್ಲ. ಏಂಜೆಲ್ ಮೀನಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೊರನೋಟಕ್ಕೆ ತಿಳಿಯದು. ಅದಕ್ಕೆ ಅನುಭವಿಗಳು ಮಾಡುವ ಉಪಾಯ ಸರಳ. ನಾಣ್ಯದ ಗಾತ್ರದ, ಚುರುಕಾದ ಆರು ಮರಿಗಳನ್ನು ತಂದು ಒಟ್ಟಿಗೆ ಬೆಳೆಸುತ್ತಾರೆ. ಆರರಲ್ಲಿ ಒಂದಾದರೂ ಗಂಡು, ಒಂದಾದರೂ ಹೆಣ್ಣು ಇರುವ ಸಾಧ್ಯತೆ ಬಹಳ ಹೆಚ್ಚು. ನಾಣ್ಯವನ್ನು ಆರು ಸಲ ಚಿಮ್ಮಿ ನೋಡಿ. ಆರೂ ಸಲ ಒಂದೇ ಮುಖ ಬೀಳುವುದು ಎಷ್ಟು ಅಪರೂಪ! ಇದೂ ಅದೇ ಗಣಿತ.

ಎಂಟು ಹತ್ತು ತಿಂಗಳಲ್ಲಿ ಅವು ಪ್ರಾಯಕ್ಕೆ ಬರುತ್ತವೆ. ಆಗ ಒಂದು ದಿನ ಎರಡು ಮೀನುಗಳು ತೊಟ್ಟಿಯ ಒಂದು ಮೂಲೆಯನ್ನು ತಮ್ಮದೆಂದು ಹಿಡಿದುಕೊಂಡು ಉಳಿದವನ್ನು ಅಟ್ಟತೊಡಗುತ್ತವೆ. ಜೋಡಿ ಕೂಡಿತು ಎಂದು ತಿಳಿಯಿರಿ. ಅವು ತಾವೇ ಆರಿಸಿಕೊಂಡ ಜೋಡಿಯೇ ಚೆನ್ನಾಗಿ ಬಾಳುತ್ತದೆ. ನಾವು ಹುಡುಕಿ ತಂದು ಕೂಡಿಸಿದ ಜೋಡಿ ಕಚ್ಚಾಡುವುದೇ ಹೆಚ್ಚು. ಆಗ ಉಳಿದ ನಾಲ್ಕನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ಇಲ್ಲದಿದ್ದರೆ ಅವುಗಳ ರೆಕ್ಕೆ ಹರಿಯುತ್ತದೆ, ಜೋಡಿಗೂ ನೆಮ್ಮದಿ ಇರುವುದಿಲ್ಲ.

ತೊಟ್ಟಿ, ನೀರು, ಬಿಸಿ

ಏಂಜೆಲ್ ಮೀನು ಉದ್ದಕ್ಕಿಂತ ಎತ್ತರಕ್ಕೆ ಬೆಳೆಯುವ ಮೀನು. ಹೀಗಾಗಿ ತೊಟ್ಟಿಯೂ ಎತ್ತರವಿರಬೇಕು. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ಗಾಜು, ಕಲ್ಲು ಬಿಟ್ಟು ನೀರೇ 150 ಕೆ.ಜಿ. ಆಯಿತು. ಅಲುಗಾಡುವ ಮೇಜಿನ ಮೇಲೆ, ಟಿ.ವಿ. ಸ್ಟ್ಯಾಂಡ್ ಮೇಲೆ ಇಡಬೇಡಿ. ಜನ ಓಡಾಡುವ ಬಾಗಿಲ ಪಕ್ಕವೂ ಬೇಡ. ಮನೆಯ ಶಾಂತವಾದ ಮೂಲೆ ಇದಕ್ಕೆ ಸರಿ.

ಹೊಸ ತೊಟ್ಟಿಗೆ ಆ ದಿನವೇ ಎಲ್ಲ ಮೀನು ಬಿಡಬಾರದು. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ತಿಂಗಳೋ ಒಂದೂವರೆ ತಿಂಗಳೋ ಬೇಕು. ಅಷ್ಟು ದಿನ ಒಂದೆರಡು ಗಟ್ಟಿ ಮೀನು ಮಾತ್ರ ಸಾಕಿ, ಆಹಾರವನ್ನೂ ಕಡಿಮೆ ಹಾಕಿ. ಮರಿ ಮಾಡಿಸುವ ತೊಟ್ಟಿಗೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರೇ ಒಳ್ಳೆಯದು. ದೊಡ್ಡ ಮೋಟಾರ್ ಫಿಲ್ಟರ್ ಪುಟ್ಟ ಮರಿಗಳನ್ನು ಒಳಗೆಳೆದುಕೊಂಡುಬಿಡುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಹಿಡಿದು, ಒಂದು ದಿನ ತೆರೆದಿಟ್ಟು ಬಳಸಿ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣವನ್ನೂ ಹಾಕಬಹುದು. ಬೋರ್‌ವೆಲ್ ನೀರು ಬಹಳ ಗಡಸಾಗಿದ್ದರೆ, ಅಂದರೆ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವಂತಿದ್ದರೆ, ಮೊಟ್ಟೆ ಒಡೆಯುವುದು ಕಡಿಮೆ. ಚೊಕ್ಕ ಚಾವಣಿಯಿಂದ ಹಿಡಿದ ಮಳೆನೀರನ್ನೋ ಫಿಲ್ಟರ್ ಮಾಡಿದ ನೀರನ್ನೋ ಅದಕ್ಕೆ ಅರ್ಧದಷ್ಟು ಬೆರೆಸಬಹುದು. ಒಮ್ಮೆಗೇ ಬೆರೆಸಬೇಡಿ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

ಅಮೆಜಾನ್ ಸೀಮೆಯ ಮೀನಿಗೆ ಬೆಚ್ಚನೆಯ ನೀರು ಬೇಕು. 27ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹದ. ಕರಾವಳಿಯಲ್ಲಿ ಬಹಳ ದಿನ ಹೀಟರ್ ಬೇಕಾಗದು. ಬೆಂಗಳೂರು, ಮಡಿಕೇರಿ, ಹಾಸನದ ಚಳಿಗಾಲದಲ್ಲಿ ಬೇಕೇ ಬೇಕು. ಒಂದು ಲೀಟರಿಗೆ ಒಂದು ವಾಟ್ ಎಂಬುದು ಸುಮಾರು ಲೆಕ್ಕ. ಮಕ್ಕಳೇ, ಒಂದು ನಿಯಮವನ್ನು ಮರೆಯಬೇಡಿ. ತೊಟ್ಟಿಗೆ ಕೈ ಹಾಕುವ ಮೊದಲು ಹೀಟರ್, ಪಂಪು, ದೀಪ ಎಲ್ಲದರ ಪ್ಲಗ್ ತೆಗೆಯಬೇಕು. ಆ ಕೆಲಸ ದೊಡ್ಡವರದ್ದು.

ಒಂದು ತುಂಡು ಹೆಂಚು

ಕಾಡಿನ ನದಿಯಲ್ಲಿ ಏಂಜೆಲ್ ಮೀನು ಅಗಲ ಎಲೆಯ ಮೇಲೆ, ಮುಳುಗಿದ ಕೊಂಬೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಮನೆಯಲ್ಲಿ ಅದಕ್ಕೆ ಹಳೆಯ ಮಂಗಳೂರು ಹೆಂಚಿನ ತುಂಡು ಸಾಕು. ಬಣ್ಣ, ಸುಣ್ಣ, ಸಿಮೆಂಟ್ ಹತ್ತಿರದ ಹೆಂಚಾಗಿರಲಿ. ಸೋಪು ಹಾಕದೆ ಬ್ರಷ್‌ನಿಂದ ಉಜ್ಜಿ ತೊಳೆದು, ಬಿಸಿ ನೀರಿನಲ್ಲಿ ನೆನೆಸಿ, ಚೂಪು ಅಂಚುಗಳನ್ನು ಉಜ್ಜಿ ಮೊಂಡು ಮಾಡಿ. ತೊಟ್ಟಿಯ ಗೋಡೆಗೆ ಒರಗಿಸಿ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಅಮೆಜಾನ್ ಸ್ವೋರ್ಡ್ ಎಂಬ ಅಗಲ ಎಲೆಯ ಗಿಡವಿದ್ದರೆ ಅದೂ ಆದೀತು. ಎರಡೂ ಇಲ್ಲದಿದ್ದರೆ ಮೀನು ಫಿಲ್ಟರಿನ ಕೊಳವೆಯನ್ನೋ ಗಾಜನ್ನೋ ಆರಿಸಿಕೊಳ್ಳುತ್ತದೆ.

ತೊಟ್ಟಿಯ ಹಿಂಬದಿಗೆ, ಎರಡು ಪಕ್ಕಗಳಿಗೆ ಕಪ್ಪು ಕಾಗದ ಅಂಟಿಸಿ. ಮೂರು ಕಡೆಯಿಂದ ಯಾರೂ ಬರಲಾರರು ಎಂದಾದರೆ ಮೀನಿಗೆ ಧೈರ್ಯ.

ಮಳೆ ಬಂದ ಹಾಗೆ

ನಮ್ಮಲ್ಲಿ ಮುಂಗಾರು ಬಂದಾಗ ಕಪ್ಪೆಗಳು ಕೂಗತೊಡಗುತ್ತವೆ, ಮೀನುಗಳು ಹೊಸ ನೀರಿಗೆ ಎದುರಾಗಿ ಹತ್ತುತ್ತವೆ. ಹೊಸ ನೀರು ಎಂದರೆ ಮರಿಗಳಿಗೆ ಮೇವು ಹೆಚ್ಚುವ ಕಾಲ ಎಂಬುದು ಅವುಗಳ ಮೈಗೇ ಗೊತ್ತು. ಏಂಜೆಲ್ ಮೀನಿಗೂ ಇಂಥದೇ ಸುಳಿವು ಕೊಡಬಹುದು.

ಎರಡು ವಾರ ಒಳ್ಳೆಯ ಊಟ ಹಾಕಿ. ಒಣ ಕಾಳಿನ ಆಹಾರದ ಜೊತೆಗೆ ಅಂಗಡಿಯಲ್ಲಿ ಸಿಗುವ ಫ್ರೀಜ್ ಮಾಡಿದ ರಕ್ತಹುಳು, ಆರ್ಟೀಮಿಯಾ ಕೊಡಿ. ದಿನಕ್ಕೆ ಎರಡು ಮೂರು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಸೊಳ್ಳೆ ಮರಿಗಳೂ ಮೀನಿಗೆ ಇಷ್ಟ. ಆದರೆ ಅದಕ್ಕಾಗಿ ಮನೆಯಂಗಳದಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಬಂದೀತು. ಆಮೇಲೆ ಒಂದು ಸಂಜೆ ತೊಟ್ಟಿಯ ಮೂರನೇ ಒಂದು ಭಾಗ ನೀರು ತೆಗೆದು, ಒಂದೆರಡು ಡಿಗ್ರಿ ಮಾತ್ರ ತಂಪಾದ ಹೊಸ ನೀರನ್ನು ನಿಧಾನವಾಗಿ ತುಂಬಿ. ಹೀಟರ್ ಅದನ್ನು ಮತ್ತೆ ಬೆಚ್ಚಗೆ ಮಾಡುತ್ತದೆ. ಹಲವು ಜೋಡಿಗಳು ಇದಾದ ಒಂದೆರಡು ದಿನಗಳಲ್ಲಿ ಹೆಂಚನ್ನು ಬಾಯಿಂದ ಉಜ್ಜತೊಡಗುತ್ತವೆ. ಉಜ್ಜದಿದ್ದರೆ ಬೇಸರ ಬೇಡ. ಮುಂದಿನ ವಾರ ಮತ್ತೆ ನೀರು ಬದಲಿಸಿ.

ಆ ಸಂಜೆ

ಹೆಂಚನ್ನು ಉಜ್ಜುವುದು ಜೋರಾದಾಗ ಎರಡೂ ಮೀನುಗಳ ಹೊಟ್ಟೆಯ ಕೆಳಗೆ ಚಿಕ್ಕ ಕೊಳವೆಯೊಂದು ಇಣುಕುತ್ತದೆ. ಈಗ ಗಂಡು ಹೆಣ್ಣು ಗುರುತಿಸಬಹುದು. ಗಂಡಿನದು ಸಣ್ಣಗೆ ಚೂಪು. ಹೆಣ್ಣಿನದು ದಪ್ಪ, ಮೊಂಡು.

ಹೆಚ್ಚಾಗಿ ಸಂಜೆಯ ಹೊತ್ತಿಗೆ ಹೆಣ್ಣು ಹೆಂಚಿಗೆ ಮೈ ತಾಗಿಸಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಯುತ್ತದೆ. ಅದು ಹೋದ ದಾರಿಯಲ್ಲಿ ಮಣಿ ಪೋಣಿಸಿದಂತೆ ಮೊಟ್ಟೆಗಳ ಒಂದು ಸಾಲು. ಹಿಂದೆಯೇ ಗಂಡು ಬಂದು ಅದೇ ಸಾಲಿನ ಮೇಲೆ ಸರಿದು ಹೋಗುತ್ತದೆ. ಮತ್ತೆ ಹೆಣ್ಣು, ಮತ್ತೆ ಗಂಡು. ಒಂದೆರಡು ಗಂಟೆ ಇದು ನಡೆಯುತ್ತದೆ. ನೀವು ಆರು ಅಡಿ ದೂರ ಕುರ್ಚಿ ಹಾಕಿಕೊಂಡು ಕುಳಿತು ನೋಡಿ. ಗಾಜು ಬಡಿಯಬೇಡಿ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬೇಡಿ.

ಆಮೇಲೆ ಕಾವಲು. ಒಂದು ಮೀನು ಮೊಟ್ಟೆಗಳ ಮುಂದೆ ನಿಂತು ಪಕ್ಕದ ಈಜುರೆಕ್ಕೆಗಳಿಂದ ಬೀಸಣಿಗೆ ಬೀಸಿದ ಹಾಗೆ ನೀರು ಬೀಸುತ್ತದೆ. ಮೊಟ್ಟೆಗೂ ಉಸಿರು ಬೇಕಲ್ಲ, ಹೊಸ ನೀರು ತಾಗುತ್ತಿದ್ದರೆ ಆಮ್ಲಜನಕ ಸಿಗುತ್ತದೆ. ಅಪ್ಪ ದಣಿದರೆ ಅಮ್ಮ, ಅಮ್ಮ ಊಟಕ್ಕೆ ಹೋದರೆ ಅಪ್ಪ. ಬೆಳ್ಳಗಾದ ಮೊಟ್ಟೆಗಳನ್ನು ಆರಿಸಿ ತಿಂದುಬಿಡುತ್ತವೆ. ಅವು ಕೆಟ್ಟ ಮೊಟ್ಟೆಗಳು. ಬಿಟ್ಟರೆ ಬೂಷ್ಟು ಹಿಡಿದು ಪಕ್ಕದವನ್ನೂ ಕೆಡಿಸುತ್ತವೆ.

28 ಡಿಗ್ರಿಯಲ್ಲಿ ಎರಡೂವರೆ ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗೆ ಇನ್ನೂ ಈಜಲು ಬಾರದು. ತಲೆಯಲ್ಲಿರುವ ಅಂಟಿನಿಂದ ಹೆಂಚಿಗೆ ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತದೆ. ಕೆಳಗೆ ಬಿದ್ದರೆ ಅಪ್ಪನೋ ಅಮ್ಮನೋ ಬಾಯಲ್ಲಿ ಎತ್ತಿ ಮತ್ತೆ ಅಂಟಿಸುತ್ತದೆ. ಹೊಟ್ಟೆಗೆ ಕಟ್ಟಿಕೊಂಡು ಬಂದ ಹಳದಿ ಬುತ್ತಿ ಇನ್ನೂ ನಾಲ್ಕೈದು ದಿನಕ್ಕೆ ಸಾಕು. ಅದು ಮುಗಿದ ದಿನ ಮರಿಗಳೆಲ್ಲ ಒಟ್ಟಿಗೆ ಹೆಂಚು ಬಿಟ್ಟು ತೇಲುತ್ತವೆ.

ಬೆಳಗೆದ್ದು ನೋಡಿದರೆ ಮೊಟ್ಟೆ ಇಲ್ಲ!

ಈಗ ಒಂದು ಕಹಿ ಮಾತು. ರಾತ್ರಿ ನೋಡಿದ ಮೊಟ್ಟೆಗಳು ಬೆಳಿಗ್ಗೆ ಒಂದೂ ಇರದೆ ಹೋಗಬಹುದು. ಕಾವಲಿಗಿದ್ದ ಅಪ್ಪ ಅಮ್ಮನೇ ತಿಂದುಹಾಕಿರುತ್ತವೆ. ಏಂಜೆಲ್ ಮೀನಿನಲ್ಲಿ ಮೊದಲ ಎರಡು ಮೂರು ಸಲ ಹೀಗಾಗುವುದು ಸಾಮಾನ್ಯ. ಮಕ್ಕಳಿಗೆ ಅಳು ಬರುತ್ತದೆ, ಮೀನಿನ ಮೇಲೆ ಸಿಟ್ಟೂ ಬರುತ್ತದೆ. ಅಜ್ಜ ಅಜ್ಜಿಯರೇ, ನೀವು ಬೇಕಾಗುವುದು ಈ ಬೆಳಿಗ್ಗೆಯೇ. “ಕೆಟ್ಟ ಮೀನು” ಎಂದು ಹೇಳಿ ಮುಗಿಸಬೇಡಿ. ಯಾಕೆ ಹೀಗಾಯಿತು ಎಂದು ಮಗುವಿನ ಜೊತೆ ಕುಳಿತು ಹುಡುಕಿ.

ಕಾರಣಗಳು ಹಲವು. ಮೊದಲ ಸಲದ ಜೋಡಿಗೆ ಹದ ಗೊತ್ತಿರುವುದಿಲ್ಲ. ಗಂಡಿನ ಬೀಜ ಸರಿಯಾಗಿ ತಾಗದೆ ಮೊಟ್ಟೆಗಳೆಲ್ಲ ಬೆಳ್ಳಗಾಗಿರಬಹುದು. ಎರಡು ಹೆಣ್ಣುಗಳೇ ಜೋಡಿ ಕಟ್ಟಿಕೊಂಡಿದ್ದರೂ ಹಾಗೆಯೇ. ಅವೂ ಮೊಟ್ಟೆ ಇಡುತ್ತವೆ, ಒಂದೂ ಫಲಿಸದು. ಎಲ್ಲಕ್ಕಿಂತ ದೊಡ್ಡ ಕಾರಣ ಹೆದರಿಕೆ. ದೀಪ ಥಟ್ಟನೆ ಆರಿತು, ಯಾರೋ ಗಾಜು ಬಡಿದರು, ಬೇರೆ ಮೀನು ಹತ್ತಿರ ಬಂತು. “ಇಲ್ಲಿ ಮರಿಗಳು ಉಳಿಯುವುದಿಲ್ಲ” ಎನಿಸಿದರೆ ಮೀನು ಮೊಟ್ಟೆಯಲ್ಲಿರುವ ಸತ್ವವನ್ನು ತನ್ನ ಮೈಗೇ ವಾಪಸು ಸೇರಿಸಿಕೊಳ್ಳುತ್ತದೆ. ಅದೇ ಬಲದಲ್ಲಿ ಹತ್ತು ಹದಿನೈದು ದಿನಗಳಲ್ಲಿ ಮತ್ತೆ ಇಡಬಹುದು. ಮೀನಿನ ಲೋಕದಲ್ಲಿ ಇದು ಕ್ರೌರ್ಯವಲ್ಲ, ಉಳಿತಾಯ.

ನಾವು ಮಾಡಬಹುದಾದದ್ದು ಇಷ್ಟು. ಮೊಟ್ಟೆ ಇಟ್ಟ ರಾತ್ರಿಯಿಂದ ಕೋಣೆಯಲ್ಲಿ ಒಂದು ಮಂದ ದೀಪ ಉರಿಯಲಿ. ಆ ವಾರ ತೊಟ್ಟಿಯೊಳಗೆ ಏನನ್ನೂ ಸರಿಸಬೇಡಿ. ಊಟ ಸ್ವಲ್ಪವೇ ಹಾಕಿ. ನೆಂಟರಿಗೆ, ಗೆಳೆಯರಿಗೆ ತೋರಿಸುವ ಆಸೆಯನ್ನು ಮರಿಗಳು ಈಜುವವರೆಗೆ ತಡೆದುಕೊಳ್ಳಿ.

ಮೀನಿನ ಫಾರ್ಮ್‌ಗಳಲ್ಲಿ ಮೊಟ್ಟೆ ಅಂಟಿದ ಹಲಗೆಯನ್ನೇ ಎತ್ತಿ ಬೇರೆ ತೊಟ್ಟಿಗೆ ಹಾಕಿ, ಗಾಳಿ ಗುಳ್ಳೆ ಬಿಟ್ಟು ಮರಿ ಮಾಡಿಸುತ್ತಾರೆ. ವ್ಯಾಪಾರಕ್ಕೆ ಅದು ಸರಿ. ಮನೆಯಲ್ಲಿ ನಾವು ನೋಡಬೇಕಾದದ್ದು ಮರಿಗಳ ಎಣಿಕೆಯನ್ನಲ್ಲ, ಅಪ್ಪ ಅಮ್ಮ ಮರಿ ಸಾಕುವುದನ್ನು. ಹಾಗಾಗಿ ಜೋಡಿಗೆ ನಾಲ್ಕೈದು ಅವಕಾಶ ಕೊಟ್ಟು ನೋಡಿ. ಒಂದು ಸಲಕ್ಕಿಂತ ಇನ್ನೊಂದು ಸಲ ಅವು ಹೆಚ್ಚು ದಿನ ಕಾವಲು ಕಾಯುವುದನ್ನು ನೀವೇ ಕಾಣಬಹುದು.

ಸೂಜಿಮೊನೆಯಷ್ಟು ಬಾಯಿಗೆ ಊಟ

ಮರಿಗಳು ಈಜತೊಡಗಿದ ದಿನವೇ ಊಟ ಸಿದ್ಧವಿರಬೇಕು. ಅವುಗಳ ಬಾಯಿಗೆ ಹಿಡಿಸುವುದು ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮ ಸೀಗಡಿ. ಅದರ ಒಣ ಮೊಟ್ಟೆ ಅಂಗಡಿಯಲ್ಲಿ ಸಿಗುತ್ತದೆ, ನೋಡಲು ಕಾಫಿಪುಡಿಯಂತೆ ಇರುತ್ತದೆ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಕಾಲು ಚಮಚ ಒಣ ಮೊಟ್ಟೆ ಹಾಕಿ, ತಳದಿಂದ ಗಾಳಿ ಗುಳ್ಳೆ ಬಿಡಿ. ಬೆಚ್ಚಗಿನ ಜಾಗದಲ್ಲಿ 24ರಿಂದ 36 ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಕುಣಿಯತೊಡಗುತ್ತವೆ. ಗಾಳಿ ನಿಲ್ಲಿಸಿ ಬಾಟಲಿಯ ಒಂದು ಬದಿಗೆ ಟಾರ್ಚ್ ಹಿಡಿದರೆ ಅವೆಲ್ಲ ಬೆಳಕಿಗೆ ಬಂದು ಸೇರುತ್ತವೆ. ಸಣ್ಣ ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಮರಿಗಳಿಗೆ ಕೊಡಿ. ದಿನಕ್ಕೆ ಮೂರು ನಾಲ್ಕು ಸಲ. ತಿಂದ ಮರಿಯ ಹೊಟ್ಟೆ ಕಿತ್ತಳೆಯಾಗಿ ಹೊಳೆಯುತ್ತದೆ. ಯಾರಿಗೆ ಊಟ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಭೂತಗನ್ನಡಿ ಹಿಡಿದು ನೋಡಬಹುದು.

ಮರಿಗಳ ತೊಟ್ಟಿಯ ನೀರು ಬೇಗ ಕೆಡುತ್ತದೆ. ದಿನ ಬಿಟ್ಟು ದಿನ ಸಣ್ಣ ಕೊಳವೆಯಿಂದ ತಳದ ಕಸವನ್ನೂ ಸ್ವಲ್ಪ ನೀರನ್ನೂ ಎಳೆದು, ಅಷ್ಟೇ ಬಿಸಿಯ ಹೊಸ ನೀರು ತುಂಬಬೇಕು. ಎಳೆದ ನೀರನ್ನು ಬಿಳಿ ಬಕೆಟ್ಟಿಗೆ ಬಿಡಿ. ತಪ್ಪಿ ಬಂದ ಮರಿ ಕಾಣಿಸುತ್ತದೆ.

ಹುಟ್ಟಿದಾಗ ಮರಿಗಳು ಏಂಜೆಲ್‌ಗಳಂತೆ ಕಾಣುವುದೇ ಇಲ್ಲ. ಬರೀ ಸಣ್ಣ ಗೀಟುಗಳು. ಮೂರು ನಾಲ್ಕು ವಾರಗಳಲ್ಲಿ ಮೇಲೆ ಕೆಳಗೆ ರೆಕ್ಕೆ ಚಾಚಿ, ಒಂದೊಂದೇ ಪುಟ್ಟ ಗಾಳಿಪಟವಾಗುತ್ತವೆ.

ಕೆಲಸ ಹಂಚಿಕೊಳ್ಳಿ

ಬೆಳಗಿನ ಊಟ ಅಜ್ಜಿ ಹಾಕಲಿ, ಶಾಲೆಯಿಂದ ಬಂದ ಮೇಲಿನ ಊಟ ಮೊಮ್ಮಗಳು ಹಾಕಲಿ. ನೀರಿನ ಬಕೆಟ್ಟನ್ನು ಅಪ್ಪನೋ ಅಮ್ಮನೋ ಎತ್ತಲಿ, ಅಜ್ಜನ ಸೊಂಟಕ್ಕೆ ಅದು ಬೇಡ. ಅಜ್ಜನಿಗೆ ಒಂದು ನೋಟ್‌ಬುಕ್ ಕೊಡಿ. ಮೊಟ್ಟೆ ಇಟ್ಟ ದಿನ, ಗಂಟೆ, ನೀರಿನ ಬಿಸಿ, ಒಡೆದ ದಿನ, ಈಜಿದ ದಿನ ಎಲ್ಲ ಬರೆದಿಡಲಿ. ಮೊಟ್ಟೆ ಮಾಯವಾದ ದಿನವನ್ನೂ, ಅದರ ಹಿಂದಿನ ರಾತ್ರಿ ಮನೆಯಲ್ಲಿ ಏನಾಯಿತು ಎಂಬುದನ್ನೂ ಬರೆಯಬೇಕು. ಮೂರನೆಯ ಸಲ ಮೊಟ್ಟೆ ಇಡುವ ಹೊತ್ತಿಗೆ, ನಿಮ್ಮ ಮನೆಯ ಜೋಡಿಯ ಬಗ್ಗೆ ಆ ನೋಟ್‌ಬುಕ್ಕಿಗಿಂತ ಚೆನ್ನಾಗಿ ಹೇಳುವ ಪುಸ್ತಕ ಬೇರೆ ಇರುವುದಿಲ್ಲ.

ಹೆಂಚನ್ನು ನೀರಿಗಿಳಿಸುವ ಮೊದಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮರಿಗಳನ್ನು ಸಾಕಲು ಒಪ್ಪಿದವರ ಹೆಸರುಗಳನ್ನು ಬರೆದಿಡಿ.